ಇ.ಸಿ. ಎಲ್ಲರಿಗೂ ಗೊತ್ತು, ಎನ್‌ಕಂಬ್ರೆನ್ಸ್ ಅಂದ್ರೆ ಏನು?

ಚಿಂತಾಮಣಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಮಾದರಿ ಪ್ರಶ್ನೆಪತ್ರಿಕೆಯಲ್ಲಿ 'ಎನ್‌ಕಂಬ್ರೆನ್ಸ್' ಪದಕ್ಕೆ ಹತ್ತಿರದ ಅರ್ಥ ಆರಿಸಿ ಅಂತ ಕೇಳಿದ್ದಾರೆ. ಆಯ್ಕೆಗಳಲ್ಲಿ ಸಾಲವೂ ಇತ್ತು, ಹೊರೆಯೂ ಇತ್ತು. ಸರಿ ಉತ್ತರ ಹೊರೆ ಅಂತ ಕೊಟ್ಟಿದ್ದಾರೆ. ಸಾಲ ಯಾಕೆ ಅಲ್ಲ?

ನಮ್ಮ ಕಡೆ ಜಮೀನು, ಸೈಟು ಅಂದ ತಕ್ಷಣ 'ಇ.ಸಿ. ತೆಗೆಸಿದ್ರಾ' ಅಂತ ಮೊದಲು ಕೇಳುತ್ತಾರೆ. ಅದೇ ಎನ್‌ಕಂಬ್ರೆನ್ಸ್ ಸರ್ಟಿಫಿಕೇಟ್. ಕನ್ನಡದಲ್ಲಿ ಋಣಭಾರ ಪ್ರಮಾಣಪತ್ರ. ಋಣ ಅಂದ್ರೆ ಸಾಲ ತಾನೇ? ಇನ್‌ಕಂಬೆಂಟ್, ಕಂಬರ್‌ಸಮ್ ಅಂತ ಅದೇ ಸದ್ದಿನ ಪದಗಳೂ ನನ್ನ ಪಟ್ಟಿಯಲ್ಲಿವೆ. ಇವೆಲ್ಲ ಒಂದೇ ಬುಡದವಾ? ವಾಕ್ಯದಲ್ಲಿ ಹೇಗೆ ಬಳಸಬೇಕು ಅಂತ ಯಾರಾದರೂ ಬಿಡಿಸಿ ಹೇಳ್ತೀರಾ?

ತಿಪಟೂರು ಕೊಬ್ಬರಿ

ತಂಗಿ, ಕುಕುಂಬರ್ ಬಿಟ್ಟುಬಿಟ್ಟೆಯಲ್ಲಾ! ಅದೂ ಅದೇ ಸದ್ದು. ಸೌತೆಕಾಯಿ ಮೇಲೆ ಯಾವ ಸಾಲವೂ ಇಲ್ಲ ಅಂತ ಬೇಕಾದರೆ ನಾನೇ ಬರೆದುಕೊಡುತ್ತೇನೆ.

ಶಿರಾ ಮೇಷ್ಟ್ರು

ಕೊಬ್ಬರಿಯವರ ತಮಾಷೆ ಇರಲಿ, ಸೌತೆಕಾಯಿಗೂ ಇದಕ್ಕೂ ನಿಜಕ್ಕೂ ಸಂಬಂಧ ಇಲ್ಲ. ಉಳಿದ ಮೂರನ್ನು ನೋಡೋಣ.

ಎನ್‌ಕಂಬರ್ ಅನ್ನೋ ಕ್ರಿಯಾಪದ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಅಲ್ಲಿ 'ಕಾಂಬ್ರ್' ಅಂದರೆ ಹರಿಯುವ ನೀರಿಗೆ ಅಡ್ಡ ಹಾಕಿದ ತಡೆ. ಕೆರೆ ಕಾಲುವೆಗೆ ಮರ ಬಿದ್ದರೆ ಹೇಗೆ, ಹಾಗೆ. ನೀರು ಪೂರ್ತಿ ನಿಲ್ಲದಿರಬಹುದು, ಆದರೆ ಸಲೀಸಾಗಿ ಹರಿಯುವುದಿಲ್ಲ. ಆ ಅರ್ಥವೇ ಮುಂದೆ 'ತೊಡಕು, ಹೊರೆ, ಓಡಾಟಕ್ಕೆ ತಡೆ' ಅಂತ ಬೆಳೆಯಿತು. ಕಂಬರ್‌ಸಮ್ ಇದರ ತಮ್ಮ. ಭಾರವಾಗಿ, ಎತ್ತಲು ಇಳಿಸಲು ಕಷ್ಟವಾಗಿರುವುದು, ಇಲ್ಲವೇ ಸುತ್ತು ಬಳಸಿನ ಕೆಲಸ. 'ಕಂಬರ್‌ಸಮ್ ಪ್ರೊಸೀಜರ್' ಅಂತ ಪತ್ರಿಕೆಯಲ್ಲಿ ಓದಿರುತ್ತೀಯ.

ಇನ್‌ಕಂಬೆಂಟ್ ಮಾತ್ರ ಬೇರೆ. ಅದು ಲ್ಯಾಟಿನ್ನಿನ 'ಇನ್‌ಕಂಬೆರೆ'ಯಿಂದ ಬಂದದ್ದು. ಒರಗು, ಮೇಲೆ ಮಲಗು ಅಂತ ಅರ್ಥ. ಸೋತು ಮಣಿಯುವುದಕ್ಕೆ ಹೇಳುವ 'ಸಕಂಬ್' ಈ ಕಡೆಯ ನೆಂಟ. ಈಗ ಹುದ್ದೆಯಲ್ಲಿ ಕೂತಿರುವವರು ಇನ್‌ಕಂಬೆಂಟ್. ಚುನಾವಣೆ ಬಂದಾಗ ಟಿವಿಯವರು ದಿನಾ ಹೇಳುವ ಆ್ಯಂಟಿ ಇನ್‌ಕಂಬೆನ್ಸಿ, ಅಂದರೆ ಆಡಳಿತ ವಿರೋಧಿ ಅಲೆ, ಇದರದ್ದೇ. ಇನ್ನೊಂದು ಬಳಕೆಯೂ ಇದೆ: 'ಇಟ್ ಈಸ್ ಇನ್‌ಕಂಬೆಂಟ್ ಆನ್ ಯು'. ಅದು ನಿನ್ನ ಮೇಲಿರುವ ಕರ್ತವ್ಯ ಅಂತ. ಪರೀಕ್ಷೆಯಲ್ಲಿ ಎಡವಿಸಲು ಇದನ್ನೇ ಇಡುತ್ತಾರೆ.

ಉಚ್ಚಾರದ ಬಗ್ಗೆ ಒಂದು ಮಾತು. ಬರೆಯುವಾಗ ಮೊದಲಕ್ಷರ ಇಂಗ್ಲಿಷಿನ E, ಆದರೆ ನಿಘಂಟು ಕೊಡುವ ಉಚ್ಚಾರ 'ಇನ್‌ಕಂಬ್ರನ್ಸ್'. ಕಚೇರಿ ಬಾಗಿಲಲ್ಲಿ 'ಇನ್‌ಕಂಬರೆನ್ಸು' ಅನ್ನುವ ನಮ್ಮ ರೈತರು ಇಂಗ್ಲಿಷ್ ಬಲ್ಲವರಿಗಿಂತ ಹತ್ತಿರದಲ್ಲಿದ್ದಾರೆ. ಮೊದಲಕ್ಷರ I ಇಟ್ಟು ಬರೆಯುವ ಹಳೆಯ ಕಾಗುಣಿತವೂ ಒಂದಿತ್ತು. ಹಳೆ ದಾಖಲೆಗಳಲ್ಲಿ ಕಣ್ಣಿಗೆ ಬಿದ್ದರೆ ತಪ್ಪು ಅಂದುಕೊಳ್ಳಬೇಡ.

ಚಿಂತಾಮಣಿ ಹುಡುಗಿ

ತುಂಬಾ ಥ್ಯಾಂಕ್ಸ್ ಮೇಷ್ಟ್ರೇ. ಆದರೆ ಸಾಲದ ಪ್ರಶ್ನೆ ಹಾಗೇ ಉಳಿಯಿತು. ಜಮೀನಿನ ವಿಷಯಕ್ಕೆ ಬಂದಾಗ ಎನ್‌ಕಂಬ್ರೆನ್ಸ್ ಅಂದರೆ ಸಾಲವೇ ಅಲ್ವಾ?

ಮಾಲೂರು ಪತ್ರ ಬರಹಗಾರ

ಅಲ್ಲ ಮಗಳೇ. ಇದೇ ಕೆಲಸ ಮಾಡಿಕೊಂಡು ಬಂದವನು ನಾನು, ಕ್ರಯಪತ್ರದ ಕಡೆಯಿಂದಲೇ ಹೇಳುತ್ತೇನೆ. ನಾವು ಶುದ್ಧ ಕ್ರಯಪತ್ರ ಬರೆಯುವಾಗ ಒಂದು ಸಾಲು ತಪ್ಪದೆ ಹಾಕುತ್ತೇವೆ. 'ಸದರಿ ಸ್ವತ್ತಿನ ಮೇಲೆ ಅಡಮಾನ, ಆಧಾರ, ಭೋಗ್ಯ, ಜಪ್ತಿ, ಜೀವನಾಂಶದ ಹಕ್ಕು, ತಂಟೆ ತಕರಾರು ಯಾವುದೂ ಇರುವುದಿಲ್ಲ' ಅಂತ. ಇಷ್ಟುದ್ದದ ಸಾಲಿಗೆ ಇಂಗ್ಲಿಷ್ ಪತ್ರದಲ್ಲಿ ನಾಲ್ಕೇ ಪದ: 'ಫ್ರೀ ಫ್ರಮ್ ಆಲ್ ಎನ್‌ಕಂಬ್ರೆನ್ಸಸ್'.

ಪಟ್ಟಿಯನ್ನು ಮತ್ತೆ ಓದು. ಅಡಮಾನ, ಆಧಾರ ಅಂದರೆ ಒತ್ತೆ, ಅವು ಸಾಲದ್ದು. ಭೋಗ್ಯದಲ್ಲೂ ದುಡ್ಡಿದೆ, ಆದರೆ ಬಡ್ಡಿಯ ಬದಲು ಸಾಲ ಕೊಟ್ಟವನು ಹೊಲ ಉಳುತ್ತಾನೆ ಅಥವಾ ಮನೆಯಲ್ಲಿ ಇರುತ್ತಾನೆ. ಜೀವನಾಂಶದ ಹಕ್ಕಿನಲ್ಲಿ ಸಾಲವೇ ಇಲ್ಲ. ತಂದೆ ಜಮೀನನ್ನು ಮಗನಿಗೆ ಕೊಡುವಾಗ 'ನಿನ್ನ ತಾಯಿಗೆ ಇದರ ಆದಾಯದಲ್ಲಿ ಜೀವನಾಂಶ ಕೊಡಬೇಕು' ಅಂತ ಬರೆಸಿದರೆ ಯಾರು ಯಾರಿಗೂ ಬಾಕಿ ಇಲ್ಲ. ಆದರೂ ಆ ಜಮೀನು ಎನ್‌ಕಂಬರ್ಡ್.

ಅಂದರೆ ಇದು ಸ್ವತ್ತಿಗೆ ಅಂಟಿಕೊಂಡ, ಬೇರೆಯವರ ಹಕ್ಕು. ಮಾಲೀಕ ನೀನೇ, ಆದರೆ ನಿನ್ನ ಸ್ವತ್ತಿನ ಮೇಲೆ ಇನ್ನೊಬ್ಬನ ಕೈ ಇದೆ.

ತುಮಕೂರು ಕೋರ್ಟ್ ರಸ್ತೆ

ಬರಹಗಾರರು ಸರಿಯಾಗಿ ಹೇಳಿದರು. ವಕೀಲೆಯಾಗಿ ನಾನು ಒಂದು ಉದಾಹರಣೆ ಸೇರಿಸುತ್ತೇನೆ, ದುಡ್ಡಿನ ಸುಳಿವೇ ಇಲ್ಲದ್ದು. ನಿಮ್ಮ ಹೊಲದ ಬದುವಿನ ಮೇಲೆ ಹಿಂದಿನ ಹೊಲದವರ ಗಾಡಿ ಓಡಾಡುವ ದಾರಿ ಇದೆ ಅಂದುಕೊಳ್ಳಿ. 1882ರ ಈಸ್‌ಮೆಂಟ್ಸ್ ಕಾಯ್ದೆ ಪ್ರಕಾರ 20 ವರ್ಷ ಎಡೆಬಿಡದೆ, ಹಕ್ಕಿನಿಂದ, ಎಲ್ಲರಿಗೂ ಕಾಣುವಂತೆ ಓಡಾಡಿದ್ದರೆ ಅದು ಹಕ್ಕೇ ಆಗಬಹುದು. ನಾಳೆ ನೀವು ಹೊಲ ಮಾರಿದರೂ ದಾರಿ ಹೋಗುವುದಿಲ್ಲ, ಕೊಂಡವನ ಪಾಲಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದೂ ಎನ್‌ಕಂಬ್ರೆನ್ಸ್.

ಹಾಗೆಯೇ ತಿರುಗಿಸಿ ನೋಡಿ. ನೀವು ಅಂಗಡಿಯವನಿಗೆ ಲಕ್ಷ ರೂಪಾಯಿ ಕೈಸಾಲ ಉಳಿಸಿಕೊಂಡಿದ್ದೀರಿ, ಯಾವ ಆಸ್ತಿಯನ್ನೂ ಒತ್ತೆ ಇಟ್ಟಿಲ್ಲ. ಸಾಲ ಇದೆ, ಎನ್‌ಕಂಬ್ರೆನ್ಸ್ ಇಲ್ಲ. ಅದಕ್ಕೇ ಪ್ರಶ್ನೆಪತ್ರಿಕೆಯವರು ಸಾಲ ಅಂತ ಒಪ್ಪಲಿಲ್ಲ.

ಬಳಕೆಯಲ್ಲಿ ಎರಡು ಜೋಡಿ ಮಾತು ಕಲಿತುಕೊಳ್ಳಿ. ಒಂದು 'ಫ್ರೀ ಫ್ರಮ್'. ಇನ್ನೊಂದು 'ಸಬ್ಜೆಕ್ಟ್ ಟು'. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 55ರ ಪ್ರಕಾರ, ಮಾರಾಟದ ಹೊತ್ತಿಗೆ ಸ್ವತ್ತಿನ ಮೇಲಿರುವ ಎಲ್ಲ ಎನ್‌ಕಂಬ್ರೆನ್ಸ್‌ಗಳನ್ನೂ ಮಾರುವವನೇ ತೀರಿಸಿಕೊಡಬೇಕು. ಆದರೆ 'ಸಬ್ಜೆಕ್ಟ್ ಟು ಎನ್‌ಕಂಬ್ರೆನ್ಸಸ್' ಅಂತ ಮಾತಾಡಿ ಮಾರಿದ್ದರೆ ಕೊಂಡವನು ಹೊರೆಯ ಸಮೇತ ಕೊಂಡ ಹಾಗೆ. ಪತ್ರದ ನಡುವೆ ಈ ಎರಡು ಪದ ಬಂದರೆ ಓದುವುದು ನಿಲ್ಲಿಸಿ, ವಿಚಾರಿಸಿ, ಆಮೇಲೆ ಸಹಿ ಹಾಕಿ.

ತಿಪಟೂರು ಕೊಬ್ಬರಿ

ಮೇಡಂ, ಮನುಷ್ಯರಿಗೂ ಈ ಪದ ಹೇಳಬಹುದಾ? ಮನೆಯಲ್ಲಿ ಪ್ರಯೋಗ ಮಾಡೋಣ ಅಂತ.

ಶಿರಾ ಮೇಷ್ಟ್ರು

ಕೊಬ್ಬರಿಯವರೇ, ಪ್ರಯೋಗ ಮಾಡಿದ ದಿನ ಊಟ ಹೋಟೆಲಿನಲ್ಲಿ ಅಂತ ತಿಳಿದುಕೊಳ್ಳಿ. ಆದರೆ ಪ್ರಶ್ನೆ ಒಳ್ಳೆಯದು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಮನೆಗೆಲಸಕ್ಕೆ ಗಂಡ ಹೆಂಡತಿ ಜೋಡಿ ಬೇಕು ಅಂತ ಜಾಹೀರಾತು ಕೊಡುವಾಗ 'ನೋ ಎನ್‌ಕಂಬ್ರೆನ್ಸ್' ಅಂತ ಸೇರಿಸುತ್ತಿದ್ದರು. ಅಂದರೆ ಮಕ್ಕಳು ಇರಬಾರದು ಅಂತ! ಮಕ್ಕಳನ್ನು ಹೊರೆ ಅಂತ ಅಚ್ಚು ಹಾಕಿಸಲು ಅವರಿಗೆ ನಾಚಿಕೆ ಆಗಲಿಲ್ಲ. ಇವತ್ತು ಹಾಗೆ ಬರೆದರೆ ಒರಟಾಗಿ ಕೇಳುತ್ತದೆ. ಬೇಡ.

ಇವತ್ತಿನ ಬಳಕೆಯಲ್ಲಿ ಕ್ರಿಯಾಪದ ಕರ್ಮಣಿ ರೂಪದಲ್ಲೇ ಜಾಸ್ತಿ ಬರುತ್ತದೆ, ಅದರ ಜೊತೆ 'ವಿತ್' ಅಥವಾ 'ಬೈ'. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಎರಡು ಚೀಲ, ಒಂದು ಹಲಸಿನಹಣ್ಣು ಹಿಡಿದು ಹತ್ತಲು ಪರದಾಡುವ ಅಜ್ಜಿಯನ್ನು ನೋಡಿ 'ಶೀ ವಾಸ್ ಎನ್‌ಕಂಬರ್ಡ್ ವಿತ್ ಬ್ಯಾಗ್ಸ್' ಅನ್ನಬಹುದು. ಬರಿ ಭಾರ ಇದ್ದರೆ ಸಾಲದು, ಆ ಭಾರದಿಂದ ಅಜ್ಜಿಗೆ ಹತ್ತುವುದಕ್ಕೆ ತೊಂದರೆ ಆಗಬೇಕು. ಆಗಲೇ ಈ ಪದ ಕೂರುತ್ತದೆ.

'ಅನ್‌ಎನ್‌ಕಂಬರ್ಡ್' ಇದಕ್ಕೆ ಎದುರು. ಹಂಗಿಲ್ಲದ, ತಡೆಯಿಲ್ಲದ. ನಾಮಪದವನ್ನು ಲೆಕ್ಕ ಮಾಡಬಹುದು, ಆದ್ದರಿಂದ 'ಆ್ಯನ್ ಎನ್‌ಕಂಬ್ರೆನ್ಸ್' ಸರಿ, ಬಹುವಚನವೂ ಸರಿ. ಸ್ವತ್ತಿನ ಮೇಲಿನದು ಅಂತ ಹೇಳಲು 'ಆನ್' ಬಳಸಬೇಕು. 'ಎನ್‌ಕಂಬ್ರೆನ್ಸ್ ಆನ್ ದ ಪ್ರಾಪರ್ಟಿ'. 'ಆಫ್' ಅಂತ ಬರೆಯುವವರಿದ್ದಾರೆ, ಕಿವಿಗೆ ಹಿಡಿಸುವುದಿಲ್ಲ.

ಕೋಲಾರ ಬ್ಯಾಂಕ್ ಕೌಂಟರ್

ಬ್ಯಾಂಕ್ ಪರೀಕ್ಷೆ ಅಂದಿರಲ್ಲ, ನಮ್ಮ ಬ್ಯಾಂಕಿನ ಭಾಷೆಯಲ್ಲೂ ಇದು ಬರುತ್ತದೆ. ಬ್ಯಾಂಕುಗಳು ಠೇವಣಿಯ ಒಂದು ಪಾಲನ್ನು ನಗದು, ಚಿನ್ನ, ಸರ್ಕಾರಿ ಸಾಲಪತ್ರಗಳಲ್ಲಿ ಇಡಬೇಕು ಅನ್ನೋ ನಿಯಮ ಓದಿರುತ್ತೀರಿ, ಎಸ್‌ಎಲ್‌ಆರ್. ಅದಕ್ಕೆ ಲೆಕ್ಕ ಹಿಡಿಯುವ ಪತ್ರಗಳು 'ಅನ್‌ಎನ್‌ಕಂಬರ್ಡ್' ಇರಬೇಕು. ಬೇರೆ ಎಲ್ಲೋ ಒತ್ತೆ ಇಟ್ಟ ಪತ್ರವನ್ನು ಇಲ್ಲಿ ತೋರಿಸಿ ಲೆಕ್ಕ ತುಂಬಿಸುವ ಹಾಗಿಲ್ಲ. ಷೇರು ಪೇಟೆಯಲ್ಲೂ ಹಾಗೇ. ಕಂಪನಿಯ ಪ್ರವರ್ತಕರು ತಮ್ಮ ಷೇರು ಒತ್ತೆ ಇಟ್ಟರೆ ಅದನ್ನು ಎನ್‌ಕಂಬ್ರೆನ್ಸ್ ಅಂತಲೇ ಬಹಿರಂಗ ಮಾಡಬೇಕು. ಇದು ಷೇರು ಪೇಟೆಯ ನಿಯಂತ್ರಕ ಸೆಬಿಯ 2011ರ ಟೇಕೋವರ್ ನಿಯಮಗಳಲ್ಲಿದೆ. ಹೊಲ, ಮನೆ ಆಚೆಗೂ ಪದ ನಡೆಯುತ್ತದೆ ಅಂತ ತಿಳಿಯಲಿಕ್ಕೆ ಹೇಳಿದೆ.

ಬಂಗಾರಪೇಟೆ ಹೊಲದವನು

ಎಲ್ಲರೂ ಬಲ್ಲವರು ಸೇರಿದ್ದೀರಿ, ನನ್ನದೂ ಒಂದು ಕೇಳಿಬಿಡುತ್ತೇನೆ. ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ನಮ್ಮ ಕಡೆ ಜಮೀನು ತಗೊಂಡಾಗ ಬಂದ ಇಂಗ್ಲಿಷ್ ಅಧಿಸೂಚನೆಯಲ್ಲಿ ಜಮೀನು ಸರ್ಕಾರಕ್ಕೆ ಸೇರುತ್ತದೆ, 'ಫ್ರೀ ಫ್ರಮ್ ಆಲ್ ಎನ್‌ಕಂಬ್ರೆನ್ಸಸ್' ಅಂತ ಇತ್ತು. ಊರಲ್ಲಿ ಒಬ್ಬರು 'ಬ್ಯಾಂಕ್ ಸಾಲ ಮನ್ನಾ ಆಯ್ತು ಬಿಡು, ಫ್ರೀ ಅಂತ ಬರೆದಿದ್ದಾರೆ' ಅಂತ ಹೇಳಿ ಎಲ್ಲರ ತಲೆ ಕೆಡಿಸಿದರು. ಇದರ ನಿಜವಾದ ಅರ್ಥ ಏನು?

ತುಮಕೂರು ಕೋರ್ಟ್ ರಸ್ತೆ

ಅಣ್ಣ, ಮನ್ನಾ ಅಲ್ಲ. ಇಲ್ಲಿ 'ಫ್ರೀ' ಅನ್ನೋದು ಜಮೀನಿಗೆ, ನಿಮಗೆ ಅಲ್ಲ.

ಅದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಡಿ ಸೆಕ್ಷನ್ನಿನ ಮಾತು. ಆ ಅಧಿಸೂಚನೆ ಪ್ರಕಟ ಆದ ಕೂಡಲೇ ಜಮೀನು ಕೇಂದ್ರ ಸರ್ಕಾರಕ್ಕೆ ಸೇರುತ್ತದೆ, ಮೇಲಿನ ಯಾರ ಹಕ್ಕೂ ಅದಕ್ಕೆ ಅಂಟಿಕೊಂಡು ಬರುವುದಿಲ್ಲ. ಬ್ಯಾಂಕಿನ ಅಡಮಾನ, ಭೋಗ್ಯದಾರನ ಹಕ್ಕು, ಪಕ್ಕದವರ ದಾರಿ ಎಲ್ಲ ಅಲ್ಲಿಗೆ ಕಳಚಿತು. ರಸ್ತೆ ಮಾಡಿದ ಮೇಲೆ ಬ್ಯಾಂಕ್ ಬಂದು 'ಈ ಕಿಲೋಮೀಟರ್ ನಮಗೆ ಅಡಮಾನ ಆಗಿದೆ' ಅನ್ನಬಾರದಲ್ಲ! ಹಾಗಂತ ಸಾಲ ಹೋಗಲಿಲ್ಲ. ಹಕ್ಕಿದ್ದವರು ಇನ್ನು ಪರಿಹಾರದ ದುಡ್ಡಿನ ಮೇಲೆ ಕೇಳುತ್ತಾರೆ. ಯಾರಿಗೆ ಎಷ್ಟು ಅಂತ ಜಗಳ ಬಂದರೆ ಅದೇ ಕಾಯ್ದೆಯ 3ಎಚ್ ಪ್ರಕಾರ ಸಿವಿಲ್ ಕೋರ್ಟಿಗೆ ಕಳಿಸುತ್ತಾರೆ.

ರಾಜ್ಯ ಸರ್ಕಾರ ಕೈಗಾರಿಕೆಗೆ ಜಮೀನು ತಗೊಳ್ಳುವ 1966ರ ಕೆಐಎಡಿ (ಕರ್ನಾಟಕ ಕೈಗಾರಿಕಾ ಪ್ರದೇಶ ಅಭಿವೃದ್ಧಿ) ಕಾಯ್ದೆಯಲ್ಲೂ ಇದೇ ಮಾತಿದೆ, ಸೆಕ್ಷನ್ 28ರಲ್ಲಿ. ಹಳೆಯ 1894ರ ಭೂಸ್ವಾಧೀನ ಕಾಯ್ದೆಯಲ್ಲೂ ಇತ್ತು. ನಮ್ಮ ವಸಂತನರಸಾಪುರ, ನಿಮ್ಮ ನರಸಾಪುರ, ವೇಮಗಲ್ ಕಡೆ ಕೈಗಾರಿಕಾ ಪ್ರದೇಶಕ್ಕೆ ಜಮೀನು ಕೊಟ್ಟವರ ಮನೆಯಲ್ಲಿ ಹಳೆ ಕಾಗದ ತೆಗೆದು ನೋಡಿದರೆ ಈ ಸಾಲು ಸಿಗುತ್ತದೆ. ಮನ್ನಾಕ್ಕೆ ಇಂಗ್ಲಿಷಿನಲ್ಲಿ 'ವೇವರ್' ಅನ್ನುತ್ತಾರೆ. ಆ ಪದ ಕಂಡರೆ ಮಾತ್ರ ಸಿಹಿ ಹಂಚಿ.

ಬಂಗಾರಪೇಟೆ ಹೊಲದವನು

ಈಗ ಬಿಡಿಸಿತು ಅಕ್ಕ. ಊರವರಿಗೂ ಇದನ್ನೇ ಓದಿ ಹೇಳುತ್ತೇನೆ. ಒಬ್ಬರಿಗೆ ಮಾತ್ರ ಬೇಜಾರಾಗುತ್ತದೆ.

ಬಾಗೇಪಲ್ಲಿ ಗಡಿಯವನು

ನಮ್ಮ ಮನೆಯಲ್ಲಿ ಮಾತು ತೆಲುಗು, ಕಾಗದ ಕನ್ನಡ, ಕಾನೂನು ಇಂಗ್ಲಿಷ್. ಒತ್ತೆಗೆ ಅಮ್ಮ 'ತಾಕಟ್ಟು' ಅನ್ನುತ್ತಾರೆ. ಗಡಿ ಆಚೆ ಆಂಧ್ರದಲ್ಲೂ ಈ ಸರ್ಟಿಫಿಕೇಟಿಗೆ ಇ.ಸಿ. ಅಂತಲೇ ಹೇಳುವುದು. ನನ್ನ ಅನುಮಾನ ಬೇರೆ. ಮೊನ್ನೆ ಒಂದು ಸೈಟಿನ ಇ.ಸಿ. ತೆಗೆಸಿದರೆ ಪುಟ ತುಂಬ ನಮೂದುಗಳು. ಋಣಭಾರ ಇಷ್ಟೊಂದಾ ಅಂತ ಮಾವ ಗಾಬರಿಯಾಗಿ ವ್ಯವಹಾರವೇ ಬೇಡ ಅಂದರು. ಅಷ್ಟೂ ಸಾಲವಾ?

ಮಾಲೂರು ಪತ್ರ ಬರಹಗಾರ

ಮಾವನಿಗೆ ಧೈರ್ಯ ಹೇಳಿ. ಹೆಸರು ಋಣಭಾರ ಪ್ರಮಾಣಪತ್ರ, ಒಳಗಿರುವುದು ಆ ಸ್ವತ್ತಿನ ನೋಂದಣಿ ಚರಿತ್ರೆ. ನೀವು ಕೇಳಿದ ಅವಧಿಯಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆದ ಕ್ರಯ, ದಾನ, ವಿಭಾಗ, ಹಕ್ಕು ಖುಲಾಸೆ, ಅಡಮಾನ ಎಲ್ಲವೂ ಬರುತ್ತದೆ. ಅಡಮಾನ ತೀರಿಸಿ ಡಿಸ್ಚಾರ್ಜ್, ಅಂದರೆ ಸಾಲ ತೀರಿತು ಅನ್ನುವ ಪತ್ರ, ಮಾಡಿಸಿದ್ದರೆ ಅದೂ ಬರುತ್ತದೆ. ನಮೂದು ಇರುವುದಕ್ಕೆ ನಮೂನೆ 15. ಏನೂ ಇಲ್ಲದಿದ್ದರೆ ನಮೂನೆ 16, ಅದಕ್ಕೇ ಜನ ನಿಲ್ ಇ.ಸಿ. ಅನ್ನುವುದು. (ಪಹಣಿಗೂ ನಮೂನೆ 16, ಸಂಬಳದವರ ತೆರಿಗೆ ಕಾಗದಕ್ಕೂ ಬಹಳ ಕಾಲ ಫಾರಂ 16 ಅಂತಲೇ ಹೆಸರಿತ್ತು. ಸರ್ಕಾರಕ್ಕೆ ಈ ಸಂಖ್ಯೆ ಯಾಕಿಷ್ಟು ಪ್ರೀತಿಯೋ.)

ಓದುವುದು ಹೀಗೆ. ಒಂದೊಂದು ಸಾಲಿನಲ್ಲೂ ಸ್ವತ್ತಿನ ವಿವರ, ಚಕ್ಕುಬಂದಿ (ನಾಲ್ಕು ಕಡೆಯ ಗಡಿ), ತಾರೀಕು, ಪತ್ರದ ಬಗೆ, ಮೊತ್ತ, ಬರೆದುಕೊಟ್ಟವರು, ಬರೆಸಿಕೊಂಡವರು ಅಂತ ಇರುತ್ತದೆ. ಪತ್ರದ ಬಗೆ ಅನ್ನೋ ಕಡೆ ಬೆರಳಿಡಿ. ಕ್ರಯ ಅಂತಿದ್ದರೆ ಮಾಲೀಕ ಬದಲಾದ, ಅಷ್ಟೇ. ಅಡಮಾನ ಅಥವಾ ಆಧಾರ ಅಂತಿದ್ದರೆ ಅದರ ಕೆಳಗೆ, ಆಮೇಲಿನ ತಾರೀಕಿನಲ್ಲಿ, ಅದೇ ಬ್ಯಾಂಕ್ ಬರೆದುಕೊಟ್ಟ ಡಿಸ್ಚಾರ್ಜ್ ಇದೆಯಾ ಹುಡುಕಿ. ಇದ್ದರೆ ಆ ಹೊರೆ ಇಳಿದಿದೆ. ಇಲ್ಲದಿದ್ದರೆ ಮಾರುವವನನ್ನು ಕೇಳಿ. ತೀರಿಸಿಯೂ ಡಿಸ್ಚಾರ್ಜ್ ನೋಂದಣಿ ಮಾಡಿಸದೆ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ.

ನಿಲ್ ಇ.ಸಿ. ಬಂದರೆ ಎಲ್ಲ ಸರಿ ಅಂತ ಹಾರಾಡುವುದೂ ಬೇಡ. ನೋಂದಣಿ ಆಗದ್ದು ಅದರಲ್ಲಿ ಕಾಣುವುದಿಲ್ಲ. ಛಾಪಾ ಕಾಗದದ ಮೇಲೆ ಮಾಡಿಕೊಂಡ ಮಾರಾಟದ ಕರಾರು, ಬಾಯಿಮಾತಿನ ಭೋಗ್ಯ, ಒಂದು ವರ್ಷದೊಳಗಿನ ಬಾಡಿಗೆ, ನೋಂದಣಿ ಮಾಡಿಸದ ಉಯಿಲು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಇವೆಲ್ಲ ಹೊರಗೇ ಉಳಿಯಬಹುದು.

ಇನ್ನೊಂದು ವಿಷಯ, ಇದರಲ್ಲಿ ಜನ ಜಾಸ್ತಿ ಎಡವುತ್ತಾರೆ. ಇ.ಸಿ.ಯನ್ನು ಸರ್ವೆ ನಂಬರ್ ಹಿಡಿದು ಹುಡುಕುತ್ತಾರೆ. ಜಮೀನು ಮೊದಲು 45 ಅಂತಿತ್ತು, ಪೋಡಿ ಆಗಿ, ಅಂದರೆ ಸರ್ವೆ ನಂಬರ್ ಒಡೆದು ಭಾಗವಾಗಿ, 45/2 ಆಯಿತು ಅಂದುಕೊಳ್ಳಿ. ಬರಿ 45/2ಕ್ಕೆ ಅರ್ಜಿ ಹಾಕಿದರೆ ಪೋಡಿಗೆ ಮುಂಚಿನ ಅಡಮಾನ ಬರದೇ ಹೋಗಬಹುದು, ಅದು 45ರ ಹೆಸರಿನಲ್ಲಿ ಕೂತಿರುತ್ತದೆ. ಎರಡೂ ನಂಬರಿಗೆ ಕೇಳಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ತಾಣದಲ್ಲಿ 2004ರ ಈಚಿನದು ಸಿಗುತ್ತದೆ. ಅದಕ್ಕೂ ಹಳೆಯದು ಬೇಕಾದರೆ ಆಫೀಸಿಗೇ ಅರ್ಜಿ ಕೊಡಬೇಕು, ಪುಸ್ತಕ ತೆಗೆದು ನೋಡಿ ಕೊಡುತ್ತಾರೆ.

ಕೋಲಾರ ಬ್ಯಾಂಕ್ ಕೌಂಟರ್

ಇದರ ಜೊತೆ ಪಹಣಿಯ 11ನೇ ಕಾಲಂ ನೋಡಿ. ಅಲ್ಲಿ ಇತರೆ ಹಕ್ಕುಗಳು, ಋಣಗಳು ಅಂತ ಇದೆ. ಬೆಳೆ ಸಾಲ ಕೊಟ್ಟ ಬ್ಯಾಂಕಿನ ಹೆಸರು, ಮೊತ್ತ ಅಲ್ಲೇ ಕೂರುತ್ತದೆ. 'ಹಕ್ಕುಗಳು' ಅಂತ ಮೊದಲು, 'ಋಣಗಳು' ಅಂತ ಆಮೇಲೆ. ಎರಡನ್ನೂ ಸೇರಿಸಿದರೆ ನೀವು ಹುಡುಕುತ್ತಿರುವ ಇಂಗ್ಲಿಷ್ ಪದಕ್ಕೆ ಹತ್ತಿರ ಬರುತ್ತದೆ ಅಂತ ನನಗನಿಸುತ್ತದೆ. ಋಣಭಾರ ಅಂತ ಒಂದೇ ಮಾಡಿದಾಗ ಹಕ್ಕು ಬಿಟ್ಟುಹೋಯಿತು.

ತುಮಕೂರು ಕೋರ್ಟ್ ರಸ್ತೆ

ಒಪ್ಪುತ್ತೇನೆ. ಇನ್ನೊಂದು ಎಚ್ಚರಿಕೆ. ದರಖಾಸ್ತಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆ ಮೀರಿ ಮಾರಿದ್ದರೆ ಆ ಕ್ರಯ ನಿಲ್ಲುವುದಿಲ್ಲ. ಆದರೆ ಇ.ಸಿ.ಯಲ್ಲಿ ಅದು ಎಲ್ಲ ಕ್ರಯದ ಹಾಗೇ ನೀಟಾಗಿ ಕಾಣುತ್ತದೆ. ಇಂಥದ್ದನ್ನು ಎನ್‌ಕಂಬ್ರೆನ್ಸ್ ಅಂತ ಕರೆಯುವುದೂ ಇಲ್ಲ, ಅದು ಮೂಲ ಹಕ್ಕಿನದೇ ದೋಷ. ಇಂಗ್ಲಿಷಿನಲ್ಲಿ 'ಡಿಫೆಕ್ಟ್ ಇನ್ ಟೈಟಲ್'. ಮಾಲೀಕ ನಿಜ, ಮೇಲೆ ಹೊರೆ ಇದೆ ಅಂದರೆ ಎನ್‌ಕಂಬ್ರೆನ್ಸ್. ಮಾಲೀಕನೇ ಅಲ್ಲ ಅಂದರೆ ಟೈಟಲ್ ಪ್ರಶ್ನೆ. ಮಂಜೂರಾತಿ ಆದೇಶದ ನಕಲು ಕೇಳದೆ ಅಂಥ ಜಮೀನಿಗೆ ಮುಂಗಡ ಕೊಡಬೇಡಿ.

ಚಿಂತಾಮಣಿ ಹುಡುಗಿ

ಒಂದು ಪದ ಕೇಳಲು ಬಂದೆ, ಅಪ್ಪನಿಗೆ ಓದಿ ಹೇಳುವಷ್ಟು ಸಿಕ್ಕಿತು. ಮೇಷ್ಟ್ರೇ, ಎರಡು ವಾಕ್ಯ ಮಾಡಿದ್ದೇನೆ, ನೋಡಿ. 'ದ ಹೌಸ್ ವಾಸ್ ಸೋಲ್ಡ್ ಸಬ್ಜೆಕ್ಟ್ ಟು ಆ್ಯನ್ ಎನ್‌ಕಂಬ್ರೆನ್ಸ್.' 'ದ ಇನ್‌ಕಂಬೆಂಟ್ ಪ್ರೆಸಿಡೆಂಟ್ ಫೌಂಡ್ ದ ಪ್ರೊಸೀಜರ್ ಕಂಬರ್‌ಸಮ್.'

ಶಿರಾ ಮೇಷ್ಟ್ರು

ಎರಡೂ ಸರಿ. ಎರಡನೆಯದರಲ್ಲಿ ಬೇರೆ ಬೇರೆ ಬುಡದ ಎರಡು ಪದ ಒಂದೇ ಸಾಲಿನಲ್ಲಿ ಕೂರಿಸಿದ್ದೀಯ, ಜಾಣೆ.

ಗೌರಿಬಿದನೂರು ಪೇಟೆ

ತಡವಾಗಿ ಬಂದೆ. ಪತ್ರಿಕೆಯಲ್ಲಿ ಬ್ಯಾಂಕ್ ಹರಾಜಿನ ಪ್ರಕಟಣೆ ಇದೆ, ನಮ್ಮ ಪೇಟೆಯ ಒಂದು ಮಳಿಗೆ. ಬೆಲೆ ಕಡಿಮೆ ಅಂತ ತಮ್ಮ ಕುಣಿಯುತ್ತಿದ್ದಾನೆ. ಕೊನೆಯಲ್ಲಿ 'ಎನ್‌ಕಂಬ್ರೆನ್ಸಸ್ ನೋನ್ ಟು ದ ಸೆಕ್ಯೂರ್ಡ್ ಕ್ರೆಡಿಟರ್: ನಾಟ್ ನೋನ್' ಅಂತಿದೆ. ಏನೂ ಇಲ್ಲ ಅಂತ ತಾನೇ ಅರ್ಥ?

ಕೋಲಾರ ಬ್ಯಾಂಕ್ ಕೌಂಟರ್

ಅಲ್ಲ ಸರ್. ಇಲ್ಲ ಅಂತಲ್ಲ, ಸೆಕ್ಯೂರ್ಡ್ ಕ್ರೆಡಿಟರ್ ಆದ, ಅಂದರೆ ಒತ್ತೆ ಮೇಲೆ ಸಾಲ ಕೊಟ್ಟ, ಬ್ಯಾಂಕಿಗೆ ಗೊತ್ತಿಲ್ಲ ಅಂತ. ಹರಾಜು ಪ್ರಕಟಣೆಯಲ್ಲಿ ಬ್ಯಾಂಕ್ ತನಗೆ ಗೊತ್ತಿರುವ ಎನ್‌ಕಂಬ್ರೆನ್ಸ್‌ಗಳನ್ನು ಹೇಳಬೇಕು ಅಂತ 2002ರ ಸೆಕ್ಯುರಿಟಿ ಇಂಟರೆಸ್ಟ್ ನಿಯಮಗಳಲ್ಲಿದೆ. ಗೊತ್ತಿಲ್ಲದ್ದರ ಜವಾಬ್ದಾರಿ ಹೊರುವುದಿಲ್ಲ ಅಂತ ಪ್ರಕಟಣೆಯಲ್ಲೇ ಬರೆದುಕೊಳ್ಳುತ್ತಾರೆ. 'ಆ್ಯಸ್ ಈಸ್ ವೇರ್ ಈಸ್' ಅಂತಲೂ ಅಲ್ಲೇ ಇರುತ್ತದೆ, ನೋಡಿ. ಇದ್ದಲ್ಲಿ ಇದ್ದ ಹಾಗೆ ತಗೊಳ್ಳಿ ಅಂತ. ಒಳಗೆ ಬಾಡಿಗೆದಾರ ಕೂತಿದ್ದಾನಾ, ಪುರಸಭೆಯ ಕಂದಾಯ, ಕರೆಂಟ್ ಬಾಕಿ ಎಷ್ಟಿದೆ ಅಂತ ನಿಮ್ಮ ತಮ್ಮನೇ ವಿಚಾರಿಸಬೇಕು. ಬಿಡ್ ಹಾಕುವ ಮುಂಚೆ ಮಳಿಗೆ ಒಳಗೆ ಹೋಗಿ ನೋಡಲು ಒಂದು ದಿನ ಕೊಟ್ಟಿರುತ್ತಾರೆ, ಪ್ರಕಟಣೆಯಲ್ಲೇ ತಾರೀಕು ಹುಡುಕಿ. ಅವತ್ತು ಇ.ಸಿ. ಕೈಯಲ್ಲಿ ಹಿಡಿದುಕೊಂಡು ಹೋಗಲಿ, ಅಕ್ಕಪಕ್ಕದ ಅಂಗಡಿಯವರನ್ನೂ ಮಾತಾಡಿಸಲಿ.